ವ್ಯರ್ಥ ಹೋಗುವ ಬಿಸಿಯಿಂದ ಕರೆಂಟ್: ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ, ಯಾಕೆ?

ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಅನಿಲ ಸ್ಥಾವರವೊಂದಿದೆ. 2024ರಲ್ಲಿ ಚಾಲನೆಗೊಂಡ ಅದರ ಸಾಮರ್ಥ್ಯ 370 ಮೆಗಾವ್ಯಾಟ್. ಒಳಗಿರುವ ಟರ್ಬೈನುಗಳು ಎರಡು. ಒಂದು ಟರ್ಬೈನು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲವನ್ನು ಉರಿಸಿಕೊಂಡು ತಿರುಗುತ್ತದೆ. ಇನ್ನೊಂದಕ್ಕೆ ಬೇರೆ ಇಂಧನವಿಲ್ಲ. ಮೊದಲನೆಯದು ಉಗುಳುವ ಬಿಸಿ ಹೊಗೆಯಿಂದಲೇ ನೀರು ಕುದಿಸಿ, ಆ ಹಬೆಯಿಂದ ಎರಡನೆಯದನ್ನು ತಿರುಗಿಸುತ್ತಾರೆ. ಸ್ಥಾವರದ ಒಟ್ಟು ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹುಟ್ಟುವುದು ಹೀಗೆ, ಚಿಮಣಿಯಲ್ಲಿ ಹಾರಿಹೋಗಬೇಕಿದ್ದ ಬಿಸಿಯಿಂದ.

ಇದನ್ನು ಕೇಳಿದವರಿಗೆ ಮುಂದಿನ ಪ್ರಶ್ನೆ ತಾನಾಗಿ ಹೊಳೆಯುತ್ತದೆ. ಹಾಗಾದರೆ ನಮ್ಮ ಅಪಾರ್ಟ್‌ಮೆಂಟಿನ ಡಿ.ಜಿ. ಸೆಟ್ಟಿನ, ಅಂದರೆ ಡೀಸೆಲ್ ಜನರೇಟರಿನ ಬಿಸಿ? ಸಾಲುಸಾಲು ಎ.ಸಿ.ಗಳು ಬೀದಿಗೆ ಊದುವ ಬಿಸಿ? ಪೀಣ್ಯದ ಕುಲುಮೆಗಳದ್ದು, ವೈಟ್‌ಫೀಲ್ಡಿನ ಡೇಟಾ ಸೆಂಟರುಗಳದ್ದು, ತಾರಸಿಯ ಮೇಲಿನ ಸೋಲಾರ್ ಹೀಟರಿನದ್ದು? 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದಲ್ಲಿ ವಿದ್ಯುತ್ ಅಭಾವ ತಲೆದೋರಿದ ಮೇಲೆ ಇಂಥ ಪ್ರಶ್ನೆಗಳು ಎಂಜಿನಿಯರುಗಳ ಕೋಣೆ ದಾಟಿ ನಿವಾಸಿ ಸಂಘಗಳ ಸಭೆಗೂ ಬಂದಿವೆ. ಸೈಲೆನ್ಸರಿಗೆ ಒಂದು ಪೆಟ್ಟಿಗೆ ಜೋಡಿಸಿದರೆ ಪುಕ್ಕಟೆ ಕರೆಂಟ್ ಬರುತ್ತದಂತೆ ಎಂಬ ಮಾತೂ ಕಿವಿಗೆ ಬೀಳುತ್ತದೆ.

ಇದರಲ್ಲಿ ಕೆಲವು ನಿಜಕ್ಕೂ ಆಗುವ ಕೆಲಸ. ಕೆಲವು ಎಂದೆಂದಿಗೂ ಆಗದ ಕೆಲಸ. ಎರಡನ್ನೂ ಬೇರ್ಪಡಿಸಲು ಭೌತಶಾಸ್ತ್ರದ ಪದವಿ ಬೇಡ, ಒಂದೇ ಒಂದು ವಿಷಯ ಗೊತ್ತಿದ್ದರೆ ಸಾಕು.

ಬಿಸಿ ಇದ್ದರೆ ಸಾಲದು, ಇಳಿಯಲು ಜಾಗ ಬೇಕು

ಬೆಂಗಳೂರಿಗೆ ಮೊದಲ ವಿದ್ಯುತ್ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಕಾವೇರಿ ಅಲ್ಲಿ ಎತ್ತರದಿಂದ ಕೆಳಗೆ ಬೀಳುತ್ತಾಳೆ, ಬೀಳುವ ರಭಸ ಯಂತ್ರವನ್ನು ತಿರುಗಿಸುತ್ತದೆ. ಬೆಳ್ಳಂದೂರು ಕೆರೆಯಲ್ಲೂ ನೀರು ಬೇಕಾದಷ್ಟಿದೆ. ಆದರೆ ಅಲ್ಲಿ ಯಾರೂ ವಿದ್ಯುದಾಗಾರ ಕಟ್ಟಲಿಲ್ಲ. ನಿಂತ ನೀರು ಎಷ್ಟಿದ್ದರೇನು, ಬೀಳಲು ಎತ್ತರವಿಲ್ಲದಿದ್ದರೆ ಅದರಿಂದ ಒಂದು ಬಲ್ಬೂ ಉರಿಯುವುದಿಲ್ಲ.

ಶಾಖವೂ ಹೀಗೆಯೇ. ಇದನ್ನು ಮೊದಲು ಸ್ಪಷ್ಟವಾಗಿ ಕಂಡವನು ಫ್ರಾನ್ಸಿನ ಸಾದಿ ಕಾರ್ನೊ ಎಂಬ ಯುವ ಸೇನಾ ಎಂಜಿನಿಯರ್. 1824ರಲ್ಲಿ, ತನ್ನ 28ನೇ ವಯಸ್ಸಿನಲ್ಲಿ, ಹಬೆ ಯಂತ್ರಗಳ ಬಗ್ಗೆ ಬರೆಯುತ್ತ ಆತ ಬಳಸಿಕೊಂಡದ್ದು ಇದೇ ಜಲಪಾತದ ಹೋಲಿಕೆಯನ್ನು. ಶಾಖ ಬಿಸಿಯಾದ ಜಾಗದಿಂದ ತಣ್ಣಗಿನ ಜಾಗಕ್ಕೆ ಹರಿಯುತ್ತದೆ. ಹರಿಯುವ ದಾರಿಯಲ್ಲಿ ಯಂತ್ರವೊಂದನ್ನು ಇಟ್ಟರೆ ಆ ಹರಿವಿನಿಂದ ಕೆಲಸ ತೆಗೆಯಬಹುದು. ಮೇಲಿನ ಉಷ್ಣಾಂಶ ಎಷ್ಟು, ಕೆಳಗಿನ ಉಷ್ಣಾಂಶ ಎಷ್ಟು ಎಂಬುದೇ ಇಲ್ಲಿ ಜಲಪಾತದ ಎತ್ತರ. ಎರಡೂ ಒಂದೇ ಆದರೆ ಎಷ್ಟು ಶಾಖವಿದ್ದರೂ ಅದು ನಿಂತ ನೀರು.

ಹೋಲಿಕೆ ಒಂದು ಕಡೆ ನಿಲ್ಲುತ್ತದೆ, ಅದನ್ನೂ ಹೇಳಿಬಿಡಬೇಕು. ಜಲಪಾತದ ಮೇಲಿದ್ದಷ್ಟೇ ನೀರು ಕೆಳಗೂ ಇರುತ್ತದೆ. ಶಾಖದಲ್ಲಿ ಹಾಗಲ್ಲ. ಬಿಸಿ ತುದಿಯಿಂದ ಹೊರಟ ಶಾಖದ ಒಂದು ಪಾಲು ಕೆಲಸವಾಗಿ ಮಾರ್ಪಡುತ್ತದೆ, ಉಳಿದದ್ದು ಮಾತ್ರ ತಣ್ಣನೆಯ ತುದಿಗೆ ಇಳಿಯುತ್ತದೆ. ಎಷ್ಟು ಪಾಲು ಕೆಲಸವಾಗುತ್ತದೋ ಅದನ್ನೇ ದಕ್ಷತೆ ಎನ್ನುತ್ತೇವೆ. ಎಷ್ಟೇ ಅಚ್ಚುಕಟ್ಟಾದ ಯಂತ್ರವಾದರೂ ಇಳಿಯಬೇಕಾದ ಆ ಪಾಲನ್ನು ಸೊನ್ನೆಗೆ ತರಲಾಗದು. ವಿದ್ಯುತ್ ಸ್ಥಾವರಗಳ ಪಕ್ಕದಲ್ಲಿ ಆವಿ ಬಿಡುತ್ತ ನಿಂತಿರುವ ದೊಡ್ಡ ಕೂಲಿಂಗ್ ಟವರುಗಳು ಯಾರದೋ ಬೇಜವಾಬ್ದಾರಿಯ ಗುರುತಲ್ಲ. ಶಾಖ ಇಳಿಯಲು ಬೇಕಾದ ಕೆಳದಂಡೆ ಅವು.

ಗರಿಷ್ಠ ಮಿತಿಯನ್ನು ನಾವೇ ಲೆಕ್ಕ ಹಾಕಬಹುದು

ಕಾರ್ನೊನ ಲೆಕ್ಕ ಸರಳ. ಎರಡೂ ಕಡೆಯ ಉಷ್ಣಾಂಶವನ್ನು ಸೆಲ್ಸಿಯಸ್‌ನಲ್ಲಿ ತೆಗೆದುಕೊಳ್ಳಿ. ಎರಡರ ವ್ಯತ್ಯಾಸ ಕಂಡುಹಿಡಿಯಿರಿ. ಬಿಸಿ ಕಡೆಯ ಉಷ್ಣಾಂಶಕ್ಕೆ 273 ಕೂಡಿಸಿ, ಬಂದ ಮೊತ್ತದಿಂದ ಆ ವ್ಯತ್ಯಾಸವನ್ನು ಭಾಗಿಸಿ. ಸಿಗುವ ಸಂಖ್ಯೆ ಪ್ರಕೃತಿ ಹಾಕಿದ ಗರಿಷ್ಠ ಮಿತಿ. 273 ಯಾಕೆಂದರೆ, ಉಷ್ಣಾಂಶದ ನಿಜವಾದ ಸೊನ್ನೆ ಇರುವುದು ಮೈನಸ್ 273 ಡಿಗ್ರಿಯಲ್ಲಿ. ನೀರು ಹೆಪ್ಪುಗಟ್ಟುವ ಸೊನ್ನೆ ನಮ್ಮ ಅನುಕೂಲಕ್ಕೆ ನಾವು ಇಟ್ಟುಕೊಂಡದ್ದು.

ಡೀಸೆಲ್ ಜನರೇಟರಿನ ಹೊಗೆ 450 ಡಿಗ್ರಿ ಇದೆ, ಹೊರಗಿನ ಗಾಳಿ 30 ಡಿಗ್ರಿ ಎಂದುಕೊಳ್ಳೋಣ. ವ್ಯತ್ಯಾಸ 420. ಅದನ್ನು 723ರಿಂದ ಭಾಗಿಸಿದರೆ ಶೇ. 58. ಎತ್ತರ ಚೆನ್ನಾಗಿದೆ. ಈಗ ತಾರಸಿಯ ಸೋಲಾರ್ ಹೀಟರಿಗೆ ಬನ್ನಿ. ನೀರು 60 ಡಿಗ್ರಿ, ಗಾಳಿ 27. ವ್ಯತ್ಯಾಸ 33, ಭಾಗಿಸುವುದು 333ರಿಂದ. ಗರಿಷ್ಠ ಮಿತಿ ಸುಮಾರು ಶೇ. 10. ನಿಜವಾದ ಯಂತ್ರಗಳು ಈ ಮಿತಿಯ ಅರ್ಧ ಮುಟ್ಟಿದರೆ ಒಳ್ಳೆಯ ಯಂತ್ರಗಳೇ. ಉಷ್ಣಾಂಶದ ಅಂತರ ಕಡಿಮೆಯಿದ್ದಲ್ಲಿ ಅಷ್ಟನ್ನೂ ಮುಟ್ಟುವುದಿಲ್ಲ. ಅಂದರೆ ಹೀಟರಿನ ಬಿಸಿನೀರಿನಲ್ಲಿರುವ ನೂರು ಪಾಲು ಶಾಖದಲ್ಲಿ ಮೂರೋ ನಾಲ್ಕೋ ಪಾಲು ಕರೆಂಟಾಗಬಹುದು. ಅದರ ಬದಲು ಅದೇ ನೀರಿನಲ್ಲಿ ಸ್ನಾನ ಮಾಡಿದರೆ ನೂರಕ್ಕೆ ನೂರೂ ಉಪಯೋಗಕ್ಕೆ ಬಂದಂತೆ, ಗೀಸರಿನ ಕರೆಂಟೂ ಉಳಿದಂತೆ.

ಎ.ಸಿ.ಯ ಕಥೆ ಇನ್ನೂ ಸ್ವಾರಸ್ಯಕರ. ಒಂದೂವರೆ ಟನ್ನಿನ ಎ.ಸಿ. ಕೋಣೆಯಿಂದ ಸುಮಾರು 5.3 ಕಿಲೋವ್ಯಾಟ್ ಶಾಖ ಹೊರತೆಗೆಯುತ್ತದೆ. ಅದಕ್ಕೆಂದು ಒಂದೂವರೆ ಕಿಲೋವ್ಯಾಟ್ ಕರೆಂಟ್ ತಿಂದರೆ, ಎರಡೂ ಸೇರಿ ಹೊರಗಿನ ಘಟಕದಿಂದ ಬೀದಿಗೆ ಬೀಳುವುದು ಸುಮಾರು 6.8 ಕಿಲೋವ್ಯಾಟ್. ಸಣ್ಣ ಮೊತ್ತವೇನಲ್ಲ. ಆದರೆ ಆ ಗಾಳಿ ಇರುವುದು 45 ಡಿಗ್ರಿಯಲ್ಲಿ, ಬೇಸಿಗೆಯ ಹೊರಗಾಳಿ 32ರಲ್ಲಿ. ಮಿತಿ ಶೇ. 4. ಕನಸಿನ ಯಂತ್ರವಿದ್ದರೂ 280 ವ್ಯಾಟ್ ದಾಟದು, ನಿಜ ಯಂತ್ರದಲ್ಲಿ 100 ವ್ಯಾಟ್ ಸಿಕ್ಕರೆ ಪುಣ್ಯ. ಅದನ್ನು ಹಿಡಿಯಲು ಬಿಸಿಗಾಳಿಯ ದಾರಿಗೆ ಯಂತ್ರವೊಂದನ್ನು ಅಡ್ಡ ಇಟ್ಟರೆ ಎ.ಸಿ.ಗೆ ಶಾಖ ಹೊರಹಾಕುವುದು ಕಷ್ಟವಾಗಿ, ಕಂಪ್ರೆಸರ್ ಆ 100 ವ್ಯಾಟಿಗಿಂತ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ. ಯಾಕೆಂದರೆ ಎ.ಸಿ. ಎಂದರೆ ಶಾಖ ಯಂತ್ರವನ್ನೇ ಹಿಂದುಮುಂದಾಗಿ ಓಡಿಸುವುದು. ಕರೆಂಟ್ ಖರ್ಚು ಮಾಡಿ ಅದು ಶಾಖವನ್ನು ಮೇಲಕ್ಕೆ ಎತ್ತುತ್ತಿದೆ. ಎತ್ತಿದ್ದನ್ನು ಮತ್ತೆ ಬೀಳಿಸಿ ಲಾಭ ಮಾಡಲಾಗದು.

ಡೇಟಾ ಸೆಂಟರಿಗೂ ಇದೇ ಉತ್ತರ. ಸರ್ವರುಗಳಿಂದ ಹೊರಬರುವ ಗಾಳಿ ಸುಮಾರು 40 ಡಿಗ್ರಿ. ಮೊತ್ತ ಮೆಗಾವ್ಯಾಟುಗಳಲ್ಲಿದ್ದರೂ ಇಳಿಜಾರಿಲ್ಲ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಡೇಟಾ ಸೆಂಟರಿನ ಬಿಸಿಯನ್ನು ಮನೆ ಬೆಚ್ಚಗಿಡಲು ಕೊಳವೆಗಳಲ್ಲಿ ಹರಿಸುತ್ತಾರೆ. ಅಲ್ಲಿ ಅದು ಶಾಖವಾಗಿಯೇ ಬಳಕೆಯಾಗುತ್ತದೆ, ಕರೆಂಟಾಗಿ ಅಲ್ಲ. ಬೆಂಗಳೂರಿನಲ್ಲಿ ಡಿಸೆಂಬರಿನಲ್ಲೂ ಮನೆ ಕಾಯಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಹಬೆ: ಹಳೆಯದು, ಈಗಲೂ ದೊಡ್ಡದು

ಎತ್ತರ ಚೆನ್ನಾಗಿರುವ ಕಡೆ ಯಾವ ಯಂತ್ರ ಇಡಬೇಕು ಎಂಬುದು ಮುಂದಿನ ಮಾತು. ಜಗತ್ತಿನ ಬಹುಪಾಲು ವ್ಯರ್ಥ ಶಾಖ ವಿದ್ಯುತ್ ಇಂದಿಗೂ ಹುಟ್ಟುವುದು ಹಬೆಯಿಂದ. ನೀರನ್ನು ಒತ್ತಡದಲ್ಲಿ ಕುದಿಸುವುದು, ಹಬೆಯನ್ನು ಟರ್ಬೈನಿನ ಮೂಲಕ ಬಿಡುವುದು, ಅದನ್ನು ತಣಿಸಿ ಮತ್ತೆ ನೀರಾಗಿಸುವುದು, ಪಂಪಿನಿಂದ ಬಾಯ್ಲರಿಗೆ ಮರಳಿಸುವುದು. 19ನೇ ಶತಮಾನದ ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ ಹೆಸರಿನಲ್ಲಿ ಇದನ್ನು ರ‍್ಯಾಂಕಿನ್ ಚಕ್ರ ಎಂದು ಕರೆಯುತ್ತಾರೆ. ಅನಿಲ ಟರ್ಬೈನೊಂದೇ ಇದ್ದರೆ ಇಂಧನದ ಶಕ್ತಿಯಲ್ಲಿ ಶೇ. 35ರಿಂದ 40ರಷ್ಟು ಮಾತ್ರ ವಿದ್ಯುತ್ತಾಗುತ್ತದೆ. ಅದರ ಹೊಗೆ 550–600 ಡಿಗ್ರಿಯಲ್ಲಿ ಹೊರಬರುವುದರಿಂದ ಹಿಂದೊಂದು ಹಬೆ ಟರ್ಬೈನು ಇಟ್ಟು ಒಟ್ಟು ದಕ್ಷತೆಯನ್ನು ಶೇ. 55ರ ಆಸುಪಾಸಿಗೆ ಒಯ್ಯಬಹುದು. ಯಲಹಂಕದಲ್ಲಿ ಆಗಿರುವುದು ಇದು.

ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳಂಥ ಕಡೆ ಈ ವಿದ್ಯೆಗೆ ದೊಡ್ಡ ಜಾಗವಿದೆ. ಸಿಮೆಂಟ್ ಗೂಡಿನೊಳಗೆ ಸುಣ್ಣದಕಲ್ಲು 1,450 ಡಿಗ್ರಿಯಲ್ಲಿ ಬೇಯುತ್ತದೆ. ಆ ಶಾಖವನ್ನು ಕಾರ್ಖಾನೆ ತನ್ನ ಕಚ್ಚಾವಸ್ತು ಕಾಯಿಸಲು ಬಳಸಿಕೊಂಡ ಮೇಲೂ ಹೊರಹೋಗುವ ಗಾಳಿ ಸುಮಾರು 300ರಿಂದ 350 ಡಿಗ್ರಿ ಇರುತ್ತದೆ. ಇದರಿಂದ ಕಾರ್ಖಾನೆಯ ವಿದ್ಯುತ್ ಅಗತ್ಯದ ನಾಲ್ಕನೇ ಒಂದು ಭಾಗದಷ್ಟನ್ನು ಪೂರೈಸಿಕೊಳ್ಳಲು ಸಾಧ್ಯ. ಇಲ್ಲಿ ಉಷ್ಣಾಂಶದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಗೂಡು ಹಗಲು ರಾತ್ರಿ, ತಿಂಗಳುಗಟ್ಟಲೆ ಉರಿಯುತ್ತಲೇ ಇರುತ್ತದೆ.

ನೀರಿನ ಬದಲು ಬೇಗ ಕುದಿಯುವ ದ್ರವ

ಶಾಖ 150 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನೀರು ಒಗ್ಗುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ ನಿಜ, ಆದರೆ ಟರ್ಬೈನು ತಿರುಗಿಸಲು ಬೇಕಾದ ಒತ್ತಡದ ಹಬೆ ಎಬ್ಬಿಸಲು ಇನ್ನೂ ಬಹಳ ಬಿಸಿ ಬೇಕು. ಆಗ ನೀರಿನ ಜಾಗಕ್ಕೆ ಬೇರೆ ದ್ರವ ತರುತ್ತಾರೆ. ಪೆಂಟೇನ್ ಎಂಬ ಹೈಡ್ರೋಕಾರ್ಬನ್ 36 ಡಿಗ್ರಿಗೇ ಕುದಿಯುತ್ತದೆ. ಫ್ರಿಜ್ಜಿನಲ್ಲಿ ಬಳಸುವ ಜಾತಿಯ ದ್ರವಗಳೂ ಇವೆ. ಚಕ್ರ ಮಾತ್ರ ಅದೇ: ಕುದಿಸು, ಟರ್ಬೈನಿಗೆ ಬಿಡು, ತಣಿಸು, ಮರಳಿಸು. ದ್ರವ ಇಂಗಾಲದ ಸಂಯುಕ್ತವಾದ್ದರಿಂದ ಇದಕ್ಕೆ ಆರ್ಗ್ಯಾನಿಕ್ ರ‍್ಯಾಂಕಿನ್ ಚಕ್ರ ಎಂಬ ಹೆಸರು. ಗೊಬ್ಬರ, ತರಕಾರಿಗಳ ಆರ್ಗ್ಯಾನಿಕ್‌ಗೂ ಇದಕ್ಕೂ ಸಂಬಂಧವಿಲ್ಲ.

ಇಸ್ರೇಲಿನ ಹ್ಯಾರಿ ತಾಬೋರ್ ಮತ್ತು ಲೂಸಿಯನ್ ಬ್ರೋನಿಕಿ 1960ರ ಹೊತ್ತಿಗೆ ಇಂಥ ಪುಟ್ಟ ಟರ್ಬೈನುಗಳನ್ನು ಬಿಸಿಲಿನ ಶಾಖದಿಂದ ಓಡಿಸಲೆಂದು ರೂಪಿಸಿದರು. ಇಂದು ಇವು ಹೆಚ್ಚಾಗಿ ಓಡುತ್ತಿರುವುದು ಭೂಮಿಯೊಳಗಿನ ಬಿಸಿನೀರಿನ ಬುಗ್ಗೆಗಳ ಮೇಲೆ ಮತ್ತು ಕಾರ್ಖಾನೆಗಳ ವ್ಯರ್ಥ ಶಾಖದ ಮೇಲೆ. ದಕ್ಷತೆ ಸಾಮಾನ್ಯವಾಗಿ ಶೇ. 10ರಿಂದ 20ರ ನಡುವೆ. ಕಡಿಮೆ ಎನಿಸಬಹುದು, ಆದರೆ ಇಳಿಜಾರೇ ಸಣ್ಣದಿರುವಾಗ ಅದು ಗೌರವದ ಅಂಕಿ.

ಬೆಂಗಳೂರಿನಂಥ ನೀರಿನ ಬರದ ಊರಿಗೆ ಇದರಲ್ಲಿ ಒಂದು ಅನುಕೂಲವಿದೆ. ಇಂಥ ಘಟಕಗಳನ್ನು ಫ್ಯಾನಿನ ಗಾಳಿಯಿಂದಲೇ ತಣಿಸಬಹುದು, ಕೂಲಿಂಗ್ ಟವರಿಗೆ ನೀರು ಸುರಿಯಬೇಕಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಏಪ್ರಿಲ್ ಮಧ್ಯಾಹ್ನ ಗಾಳಿಯೇ ಬಿಸಿಯಾದಾಗ ಕೆಳದಂಡೆ ಮೇಲೇರುತ್ತದೆ, ಕರೆಂಟ್ ಹೆಚ್ಚು ಬೇಕಾದ ಹೊತ್ತಿಗೇ ಉತ್ಪಾದನೆ ಇಳಿಯುತ್ತದೆ.

ಪಾದ್ರಿಯೊಬ್ಬರ ಎಂಜಿನ್

ಕುದಿಸುವ ಗೊಡವೆಯೇ ಇಲ್ಲದ ಎಂಜಿನ್ನೊಂದಿದೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕಾರ್ನೊ ತನ್ನ ಸಿದ್ಧಾಂತ ಬರೆಯುವುದಕ್ಕೂ ಎಂಟು ವರ್ಷ ಮೊದಲು. ಬಾಯ್ಲರುಗಳು ಸಿಡಿದು ಜನ ಸಾಯುತ್ತಿದ್ದ ಕಾಲ ಅದು.

ಮುಚ್ಚಿದ ಸಿಲಿಂಡರಿನೊಳಗೆ ಗಾಳಿ ಅಥವಾ ಹೀಲಿಯಂ ಅಥವಾ ಹೈಡ್ರೋಜನ್ ಇರುತ್ತದೆ. ಸಿಲಿಂಡರಿನ ಒಂದು ತುದಿ ಬಿಸಿ, ಇನ್ನೊಂದು ತಣ್ಣಗೆ. ಒಳಗೆ ಹಿಂದೆಮುಂದೆ ಸರಿಯುವ ಒಂದು ಭಾಗ ಆ ಅನಿಲವನ್ನು ಬಿಸಿ ತುದಿಗೆ ತಳ್ಳಿದಾಗ ಅನಿಲ ಹಿಗ್ಗಿ ಪಿಸ್ಟನನ್ನು ಒತ್ತುತ್ತದೆ. ತಣ್ಣನೆಯ ತುದಿಗೆ ತಳ್ಳಿದಾಗ ಕುಗ್ಗಿ ಪಿಸ್ಟನ್ ಹಿಂದೆ ಬರುತ್ತದೆ. ಅನಿಲ ಹೊರಗೆ ಹೋಗುವುದಿಲ್ಲ, ಒಳಗೆ ಏನೂ ಉರಿಯುವುದಿಲ್ಲ, ಹಾಗಾಗಿ ಸದ್ದೂ ಕಡಿಮೆ. ಸ್ವೀಡನ್ನಿನ ಗಾಟ್‌ಲ್ಯಾಂಡ್ ವರ್ಗದ ಜಲಾಂತರ್ಗಾಮಿಗಳು ನೀರಿನಡಿಯಲ್ಲಿ ಸದ್ದಿಲ್ಲದೆ ಸಾಗಲು 1990ರ ದಶಕದಿಂದ ಸ್ಟರ್ಲಿಂಗ್ ಎಂಜಿನ್ ಬಳಸುತ್ತಿವೆ.

ಸ್ಟರ್ಲಿಂಗರ ನಿಜವಾದ ಜಾಣ್ಮೆ ಇದ್ದದ್ದು ಎರಡು ತುದಿಗಳ ನಡುವೆ. ಅಲ್ಲಿ ಅವರು ಶಾಖ ಹಿಡಿದಿಡುವ ಒಂದು ಭಾಗವನ್ನು ಇಟ್ಟರು. ಇಂದಿನ ಎಂಜಿನ್ನುಗಳಲ್ಲಿ ಅದು ಸಣ್ಣ ತಂತಿಗಳ ಬಲೆಯಂಥ ರಚನೆ. ಅನಿಲ ಬಿಸಿ ಕಡೆಯಿಂದ ತಣ್ಣನೆಯ ಕಡೆಗೆ ಹೋಗುವಾಗ ತನ್ನ ಬಿಸಿಯನ್ನು ಈ ಬಲೆಯಲ್ಲಿ ಬಿಟ್ಟು ಹೋಗುತ್ತದೆ, ವಾಪಸು ಬರುವಾಗ ಎತ್ತಿಕೊಂಡು ಬರುತ್ತದೆ. ಪ್ರತಿ ಸುತ್ತಿನಲ್ಲೂ ಹೊಸದಾಗಿ ಕಾಯಿಸುವ ಶಾಖ ಇದರಿಂದ ಬಹಳಷ್ಟು ಉಳಿಯುತ್ತದೆ. ಇಪ್ಪತ್ತರ ಹರೆಯದಲ್ಲಿದ್ದ ಧರ್ಮಗುರುವೊಬ್ಬರಿಗೆ, ಶಾಖದ ವಿಜ್ಞಾನವೇ ಇನ್ನೂ ಹುಟ್ಟಿರದಾಗ, ಇದು ಹೊಳೆದದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ಬಿಸಿ ಚಹಾದ ಲೋಟದ ಮೇಲಿಟ್ಟರೆ ತಿರುಗುವ ಆಟಿಕೆ ಸ್ಟರ್ಲಿಂಗ್ ಎಂಜಿನ್ನುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಆದರೆ ಅದು ತಿರುಗುವುದನ್ನು ನೋಡಿ ಅದರಿಂದ ಮನೆ ಬೆಳಗಬಹುದು ಎಂದುಕೊಳ್ಳಬಾರದು. ಅದು ತನ್ನ ಚಕ್ರವನ್ನು ತಿರುಗಿಸಿಕೊಳ್ಳುವಷ್ಟೇ ಶಕ್ತಿ ಹುಟ್ಟಿಸುತ್ತದೆ.

ದೊಡ್ಡ ಮಟ್ಟದಲ್ಲಿ ಸ್ಟರ್ಲಿಂಗ್ ಎಂಜಿನ್ ಮಿಂಚಿದ್ದು ಬಿಸಿಲಿನಲ್ಲಿ. ಬೋಗುಣಿಯಾಕಾರದ ದೊಡ್ಡ ಕನ್ನಡಿ ಸೂರ್ಯನ ಬೆಳಕನ್ನು ಒಂದು ಬಿಂದುವಿಗೆ ಕೂಡಿಸುತ್ತದೆ, ಆ ಬಿಂದುವಿನಲ್ಲಿ ಎಂಜಿನ್ ಕೂತಿರುತ್ತದೆ. 2008ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇಂಥ ಒಂದು ಘಟಕ ಬಿದ್ದ ಬಿಸಿಲಿನ ಶೇ. 31.25ರಷ್ಟನ್ನು ವಿದ್ಯುತ್ತಾಗಿ ಜಾಲಕ್ಕೆ ಕೊಟ್ಟು ದಾಖಲೆ ಮಾಡಿತು. ಇಂದು ಮನೆಗಳ ಮೇಲೆ ಕೂರಿಸುವ ಒಳ್ಳೆಯ ಸೋಲಾರ್ ಪ್ಯಾನೆಲ್ಲಿನ ದಕ್ಷತೆಯೇ ಶೇ. 20–22. ಆದರೂ ಗೆದ್ದದ್ದು ಪ್ಯಾನೆಲ್. ಕನ್ನಡಿ ದಿನವಿಡೀ ಸೂರ್ಯನನ್ನು ಹಿಂಬಾಲಿಸಬೇಕು, ಹೆಚ್ಚಿನ ಒತ್ತಡದ ಅನಿಲ ಸಂದುಗಳಲ್ಲಿ ಸೋರದಂತೆ ವರ್ಷಗಟ್ಟಲೆ ಕಾಯಬೇಕು, ಪ್ರತಿ ಕನ್ನಡಿಗೂ ಒಂದು ಎಂಜಿನ್ ನೋಡಿಕೊಳ್ಳಬೇಕು. ಅಷ್ಟರಲ್ಲಿ ಪ್ಯಾನೆಲ್ಲುಗಳ ಬೆಲೆ ಕುಸಿದು ಪೈಪೋಟಿ ಮುಗಿದೇ ಹೋಯಿತು.

ಬಿಸಿಲಿನ ಬೆಳಕು ಬೇರೆ, ಬಿಸಿಲಿನ ಶಾಖ ಬೇರೆ

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅದಕ್ಕೂ ಈ ಲೇಖನದ ಯಂತ್ರಗಳಿಗೂ ನಂಟಿಲ್ಲ. ಅಲ್ಲಿರುವ ಪ್ಯಾನೆಲ್ಲುಗಳು ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುತ್ತವೆ. ಶಾಖ ಅವಕ್ಕೆ ಶತ್ರು: ಪ್ಯಾನೆಲ್ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಉತ್ಪಾದನೆ ಸುಮಾರು ಶೇ. 0.4ರಷ್ಟು ಇಳಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು ಜೋರಿದ್ದೂ ನಿರೀಕ್ಷಿಸಿದಷ್ಟು ಯೂನಿಟ್ ಬರಲಿಲ್ಲವೆಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ.

ಬಿಸಿಲಿನ ಶಾಖವನ್ನು ಬಳಸುವ ದಾರಿ ಬೇರೆ, ಮತ್ತು ಹಳೆಯದು. 1870ರ ದಶಕದಲ್ಲಿ ಮುಂಬೈಯಲ್ಲಿ ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ಅಧಿಕಾರಿ ಕನ್ನಡಿಗಳನ್ನು ಜೋಡಿಸಿ ಹಬೆ ಎಬ್ಬಿಸಿ ಪಂಪು ಓಡಿಸಿದ್ದರು. 1913ರಲ್ಲಿ ಈಜಿಪ್ಟಿನ ಮಾದಿ ಎಂಬಲ್ಲಿ ಅಮೆರಿಕದ ಫ್ರ್ಯಾಂಕ್ ಶೂಮನ್ ಉದ್ದನೆಯ ದೋಣಿಯಾಕಾರದ ಕನ್ನಡಿಗಳಿಂದ ಹಬೆ ತೆಗೆದು ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿದರು. ಮರುವರ್ಷ ಮೊದಲ ಮಹಾಯುದ್ಧ ಬಂತು, ಹಿಂದೆಯೇ ಅಗ್ಗದ ತೈಲ ಬಂತು, ಯೋಜನೆ ಮುಂದುವರಿಯಲಿಲ್ಲ. ಶೂಮನ್ ಬಳಸಿದ ಆಕಾರದ ಕನ್ನಡಿಗಳೇ ನೂರು ವರ್ಷಗಳ ನಂತರ, 2013ರಲ್ಲಿ, ರಾಜಸ್ಥಾನದ ನೋಖ್‌ನಲ್ಲಿ 50 ಮೆಗಾವ್ಯಾಟ್ ಸ್ಥಾವರದಲ್ಲಿ ಕೆಲಸಕ್ಕೆ ನಿಂತವು.

ಪ್ಯಾನೆಲ್ ಇಷ್ಟು ಅಗ್ಗವಾದ ಮೇಲೂ ಶಾಖದ ದಾರಿ ಯಾಕೆ ಬೇಕು? ರಾತ್ರಿಗಾಗಿ. ಕರಗಿದ ಉಪ್ಪನ್ನು 565 ಡಿಗ್ರಿಯವರೆಗೆ ಕಾಯಿಸಿ ದೊಡ್ಡ ತೊಟ್ಟಿಯಲ್ಲಿ ಇಟ್ಟುಕೊಂಡರೆ ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಹಬೆ ತೆಗೆಯಬಹುದು. ಶಾಖವನ್ನು ಕೂಡಿಡುವುದು ಕರೆಂಟನ್ನು ಬ್ಯಾಟರಿಯಲ್ಲಿ ಕೂಡಿಡುವುದಕ್ಕಿಂತ ಬಹುಕಾಲ ಅಗ್ಗವಾಗಿತ್ತು. ಬ್ಯಾಟರಿಯ ಬೆಲೆ ಇಳಿಯುತ್ತಿರುವುದರಿಂದ ಈಗ ಆ ಅಂತರವೂ ಕಿರಿದಾಗುತ್ತಿದೆ.

ಬೆಂಗಳೂರಿನ ಸುತ್ತ ಇಂಥ ಕನ್ನಡಿ ಸ್ಥಾವರ ಯಾಕಿಲ್ಲ ಎಂಬುದಕ್ಕೆ ನಮ್ಮ ಆಕಾಶವೇ ಕಾರಣ. ಪ್ಯಾನೆಲ್ಲಿಗೆ ಮೋಡದ ಮಧ್ಯೆ ಚದುರಿ ಬರುವ ಬೆಳಕೂ ನಡೆಯುತ್ತದೆ. ಕನ್ನಡಿ ಮಾತ್ರ ಸೂರ್ಯನಿಂದ ನೇರ ಬಂದ ಕಿರಣವನ್ನಷ್ಟೇ ಒಂದೆಡೆ ಕೂಡಿಸಬಲ್ಲದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ ಮುಸುಕುವ ಊರಲ್ಲಿ ಅದು ಸುಮ್ಮನೆ ನಿಂತಿರಬೇಕಾಗುತ್ತದೆ.

ಟಾಟಾ ಇನ್ಸ್‌ಟಿಟ್ಯೂಟಿನ ಪ್ರಯೋಗ

ಹಳೆಯ ಬೆಂಗಳೂರಿಗರು ಟಾಟಾ ಇನ್ಸ್‌ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2017ರಲ್ಲಿ ಒಂದು ಹೊಸ ಬಗೆಯ ಪ್ರಾಯೋಗಿಕ ಘಟಕ ತಲೆಯೆತ್ತಿತು. ಪ್ರೊಫೆಸರ್ ಪ್ರದೀಪ್ ದತ್ತ, ಪ್ರಮೋದ್ ಕುಮಾರ್ ಮತ್ತು ಅವರ ತಂಡ ಕಟ್ಟಿದ ಇದರಲ್ಲಿ ನೀರೂ ಇಲ್ಲ, ಪೆಂಟೇನೂ ಇಲ್ಲ. ಕೊಳವೆಗಳಲ್ಲಿ ಸುತ್ತುವುದು ಇಂಗಾಲದ ಡೈಆಕ್ಸೈಡ್.

ಈ ಅನಿಲವನ್ನು 31 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ, ವಾತಾವರಣದ ಒತ್ತಡದ ಸುಮಾರು 73 ಪಟ್ಟಿಗಿಂತ ಹೆಚ್ಚು ಒತ್ತಡದಲ್ಲಿ ಇಟ್ಟರೆ ಅದು ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಹೋಗುತ್ತದೆ. ದ್ರವದಷ್ಟು ದಟ್ಟ, ಆದರೆ ಅನಿಲದಂತೆ ಹಬ್ಬುತ್ತದೆ. ಸೂಪರ್‌ಕ್ರಿಟಿಕಲ್ ಎಂದು ಕರೆಯುವ ಈ ಸ್ಥಿತಿಯಿಂದ ಲಾಭ ಎರಡು. ದಟ್ಟವಾಗಿರುವುದರಿಂದ ಅದನ್ನು ಅದುಮಲು ಕಡಿಮೆ ಶಕ್ತಿ ಸಾಕು, ಉಳಿದ ಶಕ್ತಿ ನಮಗೆ ಸಿಗುತ್ತದೆ. ದಟ್ಟವಾಗಿರುವುದರಿಂದಲೇ ಅಷ್ಟೇ ವಿದ್ಯುತ್ತಿಗೆ ಹಬೆ ಟರ್ಬೈನಿಗಿಂತ ಎಷ್ಟೋ ಚಿಕ್ಕ ಟರ್ಬೈನು ಸಾಕು. ಬಿಸಿಲಿನ ಶಾಖಕ್ಕೂ ಕಾರ್ಖಾನೆಯ ವ್ಯರ್ಥ ಶಾಖಕ್ಕೂ ಒಂದೇ ಯಂತ್ರ ಒಗ್ಗುವ ಭರವಸೆ ಇಲ್ಲಿದೆ.

ತೊಡಕು 31ರ ಗಡಿಯಲ್ಲೇ ಇದೆ. ಲಾಭ ಪೂರ್ತಿ ಸಿಗಬೇಕಾದರೆ ಅದುಮುವ ಮುನ್ನ ಅನಿಲವನ್ನು ಆ ಗಡಿಯ ಹತ್ತಿರಕ್ಕೆ ತಣಿಸಬೇಕು. ಹೊರಗೆ 40 ಡಿಗ್ರಿ ಇರುವ ರಾಜಸ್ಥಾನದ ಮಧ್ಯಾಹ್ನ ಬರೀ ಗಾಳಿಯಿಂದ ಅದು ಸಾಧ್ಯವಿಲ್ಲ. ಜೊತೆಗೆ ಇಷ್ಟು ಒತ್ತಡ ಮತ್ತು ಬಿಸಿಯನ್ನು ದಶಕಗಟ್ಟಲೆ ತಾಳುವ ಲೋಹಗಳು, ಸೋರದ ಸೀಲುಗಳು ಬೇಕು. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ 10 ಮೆಗಾವ್ಯಾಟ್ ಗಾತ್ರದ ಪ್ರಾಯೋಗಿಕ ಘಟಕವೊಂದು 2024ರಲ್ಲಿ ಮೊದಲ ಬಾರಿ ವಿದ್ಯುತ್ ಹುಟ್ಟಿಸಿತು. ಅಂದರೆ ಇದು ಕನಸಿನ ಹಂತ ದಾಟಿದೆ. ಆದರೆ ಪೀಣ್ಯದ ಕಾರ್ಖಾನೆಯೊಂದು ನಾಳೆ ಹೋಗಿ ಕೊಂಡು ತರುವ ಹಂತಕ್ಕೆ ಬಂದಿಲ್ಲ.

ತಿರುಗುವ ಭಾಗವೇ ಇಲ್ಲದ ದಾರಿ

ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಜರ್ಮನಿಯ ಥಾಮಸ್ ಸೀಬೆಕ್ ಗಮನಿಸಿದ ಈ ಗುಣವನ್ನು ಪೀಣ್ಯದ ಪ್ರತಿ ಕುಲುಮೆಯಲ್ಲೂ ಇವತ್ತು ಬಿಸಿ ಅಳೆಯಲು ಬಳಸುತ್ತಾರೆ, ಥರ್ಮೋಕಪಲ್ ಎಂದರೆ ಅದೇ. ವಿಶೇಷ ಅರೆವಾಹಕಗಳಿಂದ ಮಾಡಿದರೆ ಅಳೆಯುವುದಷ್ಟೇ ಅಲ್ಲ, ಉಪಯೋಗಿಸುವಷ್ಟು ವಿದ್ಯುತ್ತೂ ಸಿಗುತ್ತದೆ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳು ಪ್ಲುಟೋನಿಯಂನ ಬಿಸಿಯಿಂದ ಹೀಗೆಯೇ ಕರೆಂಟ್ ಪಡೆಯುತ್ತಿವೆ. ಸವೆಯುವ ಭಾಗ ಒಂದೂ ಇಲ್ಲದಿರುವುದು ಅಲ್ಲಿ ಎಲ್ಲಕ್ಕಿಂತ ಮುಖ್ಯ.

ಮಾರುಕಟ್ಟೆಯಲ್ಲಿ ಸಿಗುವ ಇಂಥ ಘಟಕಗಳ ದಕ್ಷತೆ ಶೇ. 5ರ ಆಸುಪಾಸು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ಅವರ ತಂಡ ಬೆಳ್ಳಿ, ಆಂಟಿಮನಿ, ಟೆಲ್ಯೂರಿಯಂಗಳ ಸಂಯುಕ್ತದಲ್ಲಿ ಪರಮಾಣುಗಳ ಜೋಡಣೆಯನ್ನು ಅಚ್ಚುಕಟ್ಟು ಮಾಡಿ ಈ ಗುಣವನ್ನು ಬಹಳ ಹೆಚ್ಚಿಸಬಹುದೆಂದು 2021ರಲ್ಲಿ ತೋರಿಸಿತು. ವಸ್ತುವಿನಿಂದ ಯಂತ್ರದವರೆಗಿನ ದಾರಿ ಉದ್ದವಿದೆ.

ಅಪಾರ್ಟ್‌ಮೆಂಟಿನ ಡಿ.ಜಿ. ಸೆಟ್ಟಿನ ಲೆಕ್ಕ

ಈಗ ಸಭೆಗಳಲ್ಲಿ ಏಳುವ ಆ ಪ್ರಶ್ನೆಗೆ ಬರೋಣ. 400 ಕಿಲೋವ್ಯಾಟ್ ವಿದ್ಯುತ್ ಕೊಡುವ ಜನರೇಟರ್ ಎಂದಿಟ್ಟುಕೊಳ್ಳಿ. ಅದು ಸುಮಾರು 1,000 ಕಿಲೋವ್ಯಾಟಿನಷ್ಟು ಡೀಸೆಲ್ ಶಕ್ತಿ ಕುಡಿಯುತ್ತದೆ. ಅದರಲ್ಲಿ ಸುಮಾರು 300 ಕಿಲೋವ್ಯಾಟ್ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಹೆಚ್ಚಾಗಿ ರೇಡಿಯೇಟರಿನಲ್ಲಿ. ಹೊಗೆಯನ್ನು ಪೂರ್ತಿ ತಣಿಸುವಂತಿಲ್ಲ, 150 ಡಿಗ್ರಿಗಿಂತ ಕೆಳಗೆ ಇಳಿಸಿದರೆ ಕೊಳವೆಯೊಳಗೆ ತೇವ ಕಟ್ಟಿ ತುಕ್ಕು ತಿನ್ನುವ ಭಯ. ಹಾಗಾಗಿ ಹಿಡಿಯಲಾಗುವ ಶಾಖ 200 ಕಿಲೋವ್ಯಾಟ್. ಶೇ. 12ರಿಂದ 15ರ ದಕ್ಷತೆಯ ಆರ್ಗ್ಯಾನಿಕ್ ರ‍್ಯಾಂಕಿನ್ ಘಟಕ ಇಟ್ಟರೆ 24ರಿಂದ 30 ಕಿಲೋವ್ಯಾಟ್ ಕರೆಂಟ್ ಬರುತ್ತದೆ. ಜನರೇಟರಿನ ಉತ್ಪಾದನೆಗೆ ಶೇ. 6–7 ಕೂಡಿಸಿದಂತೆ. ಇದು ಮೋಸವಲ್ಲ, ನಿಜವಾಗಿ ಸಿಗುವ ಕರೆಂಟ್.

ಆದರೆ ಡಿ.ಜಿ. ಸೆಟ್ ಓಡುವುದು ಕರೆಂಟ್ ಹೋದಾಗ ಮಾತ್ರ. ತಿಂಗಳಿಗೆ 20 ಗಂಟೆ ಓಡಿದರೆ ಸಿಗುವುದು 600 ಯೂನಿಟ್. ಯೂನಿಟ್ಟಿಗೆ ಡೀಸೆಲ್ ಬೆಲೆಯನ್ನೇ ಲೆಕ್ಕ ಹಿಡಿದರೂ ಲಕ್ಷಗಟ್ಟಲೆ ಬೆಲೆಯ ಘಟಕಕ್ಕೆ ಹಾಕಿದ ದುಡ್ಡು ಅದರ ಆಯುಷ್ಯದೊಳಗೆ ಮರಳುವುದು ಕಷ್ಟ. ಸಿಮೆಂಟ್ ಗೂಡಿನಲ್ಲಿ ಅದೇ ಗಾತ್ರದ ಘಟಕ ತಿಂಗಳಿಗೆ 600–700 ಗಂಟೆ ಓಡುತ್ತದೆ. ಯಂತ್ರ ಅದೇ, ಶಾಖವೂ ಹೆಚ್ಚುಕಡಿಮೆ ಅಷ್ಟೇ, ಲಾಭ ಮಾತ್ರ ಮೂವತ್ತು ಪಟ್ಟು. ನನ್ನ ಅಭಿಪ್ರಾಯದಲ್ಲಿ, ಬ್ಯಾಕಪ್ಪಿಗೆಂದು ಇಟ್ಟ ಜನರೇಟರಿನ ವ್ಯರ್ಥ ಶಾಖಕ್ಕೆ ಅಪಾರ್ಟ್‌ಮೆಂಟಿನವರು ದುಡ್ಡು ಹಾಕಬಾರದು. ಅದೇ ಹಣಕ್ಕೆ ತಾರಸಿಯ ಮೇಲೆ ಪ್ಯಾನೆಲ್ ಹಾಕಿಸುವುದು ಉತ್ತಮ.

ಕಾರ್ಖಾನೆಗಳವರಿಗೂ ಒಂದು ಮಾತು. ಕುಲುಮೆಯ ಹೊಗೆಯಿಂದ ಕರೆಂಟ್ ತೆಗೆಯುವ ಮೊದಲು, ಅದೇ ಹೊಗೆಯಿಂದ ಕುಲುಮೆಗೆ ಹೋಗುವ ಗಾಳಿಯನ್ನು ಕಾಯಿಸಿದರೆ ಎಷ್ಟು ಇಂಧನ ಉಳಿಯುತ್ತದೆ ಎಂದು ನೋಡಬೇಕು. ಶಾಖವನ್ನು ಶಾಖವಾಗಿಯೇ ಬಳಸಿದಾಗ ಕಾರ್ನೊನ ತೆರಿಗೆ ಕಟ್ಟಬೇಕಿಲ್ಲ. ದೊಡ್ಡ ಹೋಟೆಲ್ಲು, ಆಸ್ಪತ್ರೆಗಳಲ್ಲಿ ದಿನವಿಡೀ ಓಡುವ ಗ್ಯಾಸ್ ಜನರೇಟರಿದ್ದರೆ ಅದರ ಬಿಸಿಯಿಂದ ನೀರು ಕಾಯಿಸಬಹುದು, ಅಬ್ಸಾರ್ಪ್ಷನ್ ಚಿಲ್ಲರ್ ಎಂಬ ಯಂತ್ರದಿಂದ ಕಟ್ಟಡವನ್ನು ತಂಪಾಗಿಡಲೂಬಹುದು. ಶಾಖದಿಂದಲೇ ತಂಪು ಮಾಡುವ ಈ ಯಂತ್ರಗಳನ್ನು ನಮ್ಮ ದೇಶದಲ್ಲೇ ತಯಾರಿಸುತ್ತಾರೆ.

ಯಾರಾದರೂ ಇಂಥ ಘಟಕ ಮಾರಲು ಬಂದರೆ ಮೊದಲು ಕೇಳಬೇಕಾದದ್ದು, ಬಿಸಿ ಕಡೆ ಎಷ್ಟು ಡಿಗ್ರಿ, ತಣ್ಣನೆಯ ಕಡೆ ಎಷ್ಟು ಡಿಗ್ರಿ. ತಣ್ಣನೆಯ ಕಡೆಯೇ ಇಲ್ಲ, ಸುತ್ತಲಿನ ಗಾಳಿಯ ಬಿಸಿಯಿಂದಲೇ ಓಡುತ್ತದೆ ಎಂದರೆ ಮಾತು ಅಲ್ಲಿಗೇ ಮುಗಿಸಬಹುದು. ಕೊಟ್ಟ ಅಂಕಿಗಳಿಂದ ಗರಿಷ್ಠ ಮಿತಿ ಲೆಕ್ಕ ಹಾಕಿ, ಅವರು ಹೇಳುವ ದಕ್ಷತೆ ಅದರ ಅರ್ಧಕ್ಕಿಂತ ಬಹಳ ಮೇಲಿದ್ದರೆ ಅಳೆದು ತೋರಿಸಲು ಹೇಳಬೇಕು. ಅವರು ಹೇಳುತ್ತಿರುವುದು ಯಂತ್ರದ ತುದಿಯಲ್ಲಿ ಹುಟ್ಟುವ ಕರೆಂಟೋ, ಅಥವಾ ಘಟಕದ ಪಂಪು, ಫ್ಯಾನುಗಳು ತಿಂದು ಉಳಿದ ಕರೆಂಟೋ ಎಂದೂ ಕೇಳಬೇಕು. ಸಣ್ಣ ಘಟಕಗಳಲ್ಲಿ ಈ ಎರಡರ ನಡುವಿನ ವ್ಯತ್ಯಾಸ ದೊಡ್ಡದೇ ಇರುತ್ತದೆ. ಹೊಗೆಯ ದಾರಿಯಲ್ಲಿ ಶಾಖ ಹಿಡಿಯುವ ಕೊಳವೆಗಳಿಗೆ ಮಸಿ ಮೆತ್ತಿದಾಗ ಎಂಜಿನ್ನಿನ ಉಸಿರು ಕಟ್ಟಿ ಡೀಸೆಲ್ ಖರ್ಚು ಏರುತ್ತದೆ. ಅವನ್ನು ಎಷ್ಟು ಗಂಟೆಗೊಮ್ಮೆ ಶುಚಿ ಮಾಡಬೇಕು, ಮಾಡುವವರು ಯಾರು, ಆ ಖರ್ಚು ಯಾರದ್ದು ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಬೇಕು.